ಕೂಸಿನ ಮೈಮೇಲಿನ ಗುರುತು ಮತ್ತು ಇಂಗ್ಲೆಂಡಿನ ಫ್ಯಾಮಿಲಿ ಕೋರ್ಟು

ಇಂಗ್ಲೆಂಡಿನಲ್ಲಿ ಇನ್ನೂ ಮಗುಚಿಕೊಳ್ಳದ ಕೂಸಿನ ಮೈಮೇಲೆ ಪೆಟ್ಟಿನಂಥ ಗುರುತು ಕಂಡರೆ, ಮನೆಗೆ ಬಂದು ಕೂಸನ್ನು ನೋಡುವ ನರ್ಸ್ (ಹೆಲ್ತ್ ವಿಸಿಟರ್) ಅಥವಾ ಕುಟುಂಬ ವೈದ್ಯರು (ಜಿಪಿ) ಸುಮ್ಮನಿರುವುದಿಲ್ಲ. ಮಕ್ಕಳ ವೈದ್ಯರಿಗೂ ಸ್ಥಳೀಯ ಆಡಳಿತವಾದ ಕೌನ್ಸಿಲ್‌ನ ಸೋಷಿಯಲ್ ವರ್ಕರ್‌ಗಳಿಗೂ ಸುದ್ದಿ ಹೋಗುತ್ತದೆ. ಹೊರಳಲಾಗದ ಕೂಸು ತಾನೇ ಪೆಟ್ಟು ಮಾಡಿಕೊಳ್ಳುವುದು ಅಪರೂಪ, ಆದ್ದರಿಂದ ಈ ಎಚ್ಚರ ಬೇಕಾದದ್ದೇ. ಆದರೆ ನಮ್ಮ ಮಕ್ಕಳ ಬೆನ್ನು, ಪೃಷ್ಠದ ಮೇಲೆ ನೀಲಿ-ಬೂದು ಬಣ್ಣದ ಹುಟ್ಟುಮಚ್ಚೆ ಸಾಮಾನ್ಯ, ಅದು ಪೆಟ್ಟಿನಂತೆಯೇ ಕಾಣುತ್ತದೆ. ಹುಟ್ಟಿದ 72 ಗಂಟೆಯೊಳಗಿನ ತಪಾಸಣೆಯಲ್ಲಿ, ಮತ್ತೆ 6ರಿಂದ 8 ವಾರದ ತಪಾಸಣೆಯಲ್ಲಿ, ಅದು ಎಲ್ಲಿದೆ, ಎಷ್ಟು ದೊಡ್ಡದು ಎಂದು ಮಗುವಿನ ಆರೋಗ್ಯ ದಾಖಲೆಯ ‘ರೆಡ್ ಬುಕ್’ನಲ್ಲಿ ಬರೆಸಿಕೊಳ್ಳಿ. ಮುಂದೆ ಸುಲಭವಾಗಿ ಅಲ್ಲಗಳೆಯಲಾಗದ ದಾಖಲೆ ಅದು.

ಅನುಮಾನ ಗಟ್ಟಿಯಾದರೆ ತಲೆಯ ಸ್ಕ್ಯಾನ್, ಕಣ್ಣಿನ ಪರೀಕ್ಷೆ, ರಕ್ತ ಹೆಪ್ಪುಗಟ್ಟುವಿಕೆಯ ಪರೀಕ್ಷೆ, ಇಡೀ ಮೈಯ ಎಕ್ಸ್-ರೇ ನಡೆಯುತ್ತವೆ. ಎಕ್ಸ್-ರೇಯನ್ನು 11ರಿಂದ 14 ದಿನಗಳ ನಂತರ ಮತ್ತೊಮ್ಮೆ ತೆಗೆಯುತ್ತಾರೆ. ಪಕ್ಕೆಲುಬಿನ ಹೊಸ ಬಿರುಕು ಮೊದಲ ಚಿತ್ರದಲ್ಲಿ ಕಾಣದೇ ಹೋಗಬಹುದು, ಮೂಳೆ ಕೂಡತೊಡಗಿದ ಮೇಲೆಯೇ ತೋರುತ್ತದೆ. ಎರಡನೆಯದನ್ನು ತಂದೆತಾಯಿ ಹಟ ಹಿಡಿದು ತಪ್ಪಿಸಿಕೊಂಡರೆ ಅವರಿಗೇ ನಷ್ಟ. ಬಿರುಕಿನ ವಯಸ್ಸು ಗೊತ್ತಾಗುವುದು ಎರಡನ್ನೂ ಹೋಲಿಸಿದಾಗ, ಆ ದಿನಗಳಲ್ಲಿ ಮಗು ಯಾರ ಬಳಿ ಇತ್ತು ಎಂಬುದು ನಿಲ್ಲುವುದೂ ಅದರ ಮೇಲೆಯೇ. ಪೆಟ್ಟಿನ ಗುರುತಿನ ಬಣ್ಣ ನೋಡಿ ಇಂಥ ದಿನದ ಪೆಟ್ಟು ಎಂದು ಹೇಳಲು ಮಾತ್ರ ಯಾರಿಂದಲೂ ಆಗದು. ಯಾರಾದರೂ ಹಾಗೆ ಬರೆದಿದ್ದರೆ ವಕೀಲರು ಅಲ್ಲೇ ಹಿಡಿಯಬೇಕು.

ಕೌನ್ಸಿಲ್ 1989ರ ಚಿಲ್ಡ್ರನ್ ಆಕ್ಟಿನ 31ನೇ ಸೆಕ್ಷನ್ನಿನಡಿ, ಮಗುವನ್ನು ತನ್ನ ಪಾಲನೆಗೋ ಮೇಲ್ವಿಚಾರಣೆಗೋ ಒಪ್ಪಿಸಿ ಎಂದು ಕೋರ್ಟಿಗೆ ಅರ್ಜಿ ಹಾಕಿದರೆ ತಂದೆತಾಯಿಗೆ, ಸಂಬಳ ಎಷ್ಟೇ ಇರಲಿ, ಸರ್ಕಾರಿ ಖರ್ಚಿನಲ್ಲಿ ಸಾಲಿಸಿಟರ್ ಸಿಗುತ್ತಾರೆ. ಪ್ರಕರಣ 26 ವಾರಗಳಲ್ಲಿ ಮುಗಿಯಬೇಕೆಂಬ ನಿಯಮವಿರುವುದರಿಂದ ಯಾವ ತಜ್ಞರು ಬೇಕು ಎಂಬುದು ಮೊದಲ ಕೆಲವೇ ವಾರಗಳಲ್ಲಿ ತೀರ್ಮಾನವಾಗುತ್ತದೆ.

ಗಾಬರಿಯಲ್ಲಿ ಆಗುವ ದೊಡ್ಡ ತಪ್ಪು ಇಲ್ಲೇ. ಊರಿನಲ್ಲಿರುವ ಪರಿಚಯದ ಡಾಕ್ಟರಿಗೆ ಸ್ಕ್ಯಾನ್ ಕಳಿಸಿ ‘ಇದು ಪೆಟ್ಟಲ್ಲ’ ಎಂದು ಪತ್ರ ಬರೆಸಿಕೊಳ್ಳುತ್ತಾರೆ. 2014ರ ಚಿಲ್ಡ್ರನ್ ಅಂಡ್ ಫ್ಯಾಮಿಲೀಸ್ ಆಕ್ಟಿನ 13ನೇ ಸೆಕ್ಷನ್ ಪ್ರಕಾರ ಕೋರ್ಟಿನ ಅನುಮತಿಯಿಲ್ಲದೆ ತಜ್ಞರನ್ನು ನೇಮಿಸುವಂತಿಲ್ಲ, ಸಾಕ್ಷ್ಯಕ್ಕಾಗಿ ಮಗುವನ್ನು ಪರೀಕ್ಷೆ ಮಾಡಿಸುವಂತಿಲ್ಲ. ಹಾಗೆ ತಂದ ವರದಿಯನ್ನು ಅನುಮತಿಯಿಲ್ಲದೆ ಸಾಕ್ಷ್ಯವಾಗಿ ಪರಿಗಣಿಸುವುದಿಲ್ಲ. ಕೇಸಿನ ಕಾಗದವನ್ನು ಹೊರಗೆ ಕಳಿಸಿದ್ದೇ ಗೌಪ್ಯತೆಯ ಉಲ್ಲಂಘನೆಯಾಗಬಹುದು.

ಅನುಮತಿ ಸಿಕ್ಕಿದರೆ ಬಹುತೇಕ ಎಲ್ಲ ಪಕ್ಷಗಳಿಗೂ ಸೇರಿ ಒಬ್ಬರೇ ತಜ್ಞರು. ಅವರಿಗೆ ಹೋಗುವ ಪ್ರಶ್ನೆಗಳ ಪತ್ರವೇ ಪ್ರಕರಣದ ಕೀಲಿ. ಪತ್ರದಲ್ಲಿ ಕೇಳದ್ದಕ್ಕೆ ವರದಿಯಲ್ಲಿ ಉತ್ತರ ಬರುವುದು ಕಷ್ಟ. ವಿಟಮಿನ್ ಡಿ ಕೊರತೆಯಿಂದ ಮೂಳೆ ಮೆತ್ತಗಾಗಿರಬಹುದೇ, ತಾಯಿಯ ಬಸಿರಿನ ಕಾಲದ ರಕ್ತಪರೀಕ್ಷೆ ಏನು ಹೇಳುತ್ತದೆ, ಹೆರಿಗೆಯಲ್ಲಿ ಇಕ್ಕಳ ಹಾಕಿದ್ದರೇ, ಕುಟುಂಬದಲ್ಲಿ ರಕ್ತಸ್ರಾವದ ಕಾಯಿಲೆ ಇದೆಯೇ — ಇವೆಲ್ಲ ಅಲ್ಲಿ ಬರಹದಲ್ಲೇ ಇರಬೇಕು. ವರದಿ ಕೈಗೆ ಬಂದ 10 ದಿನದೊಳಗೆ ಲಿಖಿತ ಸ್ಪಷ್ಟನೆ ಕೇಳಬಹುದು, ಅದೂ ಒಂದೇ ಸಲ. ತನ್ನ ಅಭಿಪ್ರಾಯಕ್ಕೆ ವಿರುದ್ಧವಾದ ಸಂಗತಿಗಳನ್ನೂ ವೈದ್ಯರಲ್ಲಿರುವ ಭಿನ್ನಮತವನ್ನೂ ತಜ್ಞರು ಬರೆಯಲೇಬೇಕು. ಅದಿಲ್ಲದ ವರದಿಯನ್ನು ಪ್ರಶ್ನಿಸಲು ಅಂಜಬೇಕಿಲ್ಲ.

ವೈದ್ಯರ ಮಾತಿಗೆ ಕೋರ್ಟು ಕೊಡುವ ತೂಕ ಎಷ್ಟು ಅಪಾಯಕಾರಿಯಾಗಬಲ್ಲದು ಎಂಬುದಕ್ಕೆ ತನ್ನ ಎರಡು ಕೂಸುಗಳನ್ನು ಕೊಂದ ಆರೋಪ ಹೊತ್ತ ಸ್ಯಾಲಿ ಕ್ಲಾರ್ಕ್ ಎಂಬ ತಾಯಿಯ 1999ರ ಕೊಲೆ ವಿಚಾರಣೆ ಸಾಕ್ಷಿ. ಒಂದೇ ಮನೆಯ ಎರಡು ಕೂಸುಗಳು ಸಹಜವಾಗಿ ಸಾಯುವ ಸಂಭವ 7.3 ಕೋಟಿಗೆ ಒಂದು ಎಂದು ಮಕ್ಕಳ ವೈದ್ಯ ರಾಯ್ ಮೆಡೋ ಹೇಳಿದರು. 8,543ಕ್ಕೆ ಒಂದು ಎಂಬ ಅಂಕಿಯನ್ನು ಅದರಿಂದಲೇ ಗುಣಿಸಿ ಬಂದ ಲೆಕ್ಕ ಅದು. ಎರಡೂ ಸಾವಿಗೆ ಒಂದೇ ವಂಶವಾಹಿ, ಒಂದೇ ಮನೆಯ ಕಾರಣ ಇರಬಹುದೆಂಬುದನ್ನೇ ಅದು ಬಿಟ್ಟುಬಿಟ್ಟಿತ್ತು. ಶಿಕ್ಷೆಗೊಳಗಾಗಿದ್ದ ಆ ತಾಯಿಯ ಬಿಡುಗಡೆಯಾದದ್ದು 2003ರಲ್ಲಿ.

ಫ್ಯಾಮಿಲಿ ಕೋರ್ಟಿನಲ್ಲಿ ಸಾಬೀತಿನ ಅಳತೆ ಇನ್ನೂ ಸಡಿಲ. ಸಂಶಯಾತೀತವಾಗಿ ಅಲ್ಲ, ‘ಆಗಿಲ್ಲದಿರುವುದಕ್ಕಿಂತ ಆಗಿರುವ ಸಂಭವವೇ ಹೆಚ್ಚು’ ಎಂದರೆ ಸಾಕು. ಪೊಲೀಸರು ಕೇಸು ಕೈಬಿಟ್ಟರೂ ಮಗು ವಾಪಸ್ ಬರದಿರುವುದು ಇದರಿಂದಲೇ. ಆದರೆ ತೀರ್ಪು ಕೊಡುವವರು ನ್ಯಾಯಾಧೀಶರು, ತಜ್ಞರಲ್ಲ. ತಂದೆತಾಯಿಯ ಹೇಳಿಕೆ, ಆಸ್ಪತ್ರೆಯ ಟಿಪ್ಪಣಿ, ಫೋನಿನ ಸಂದೇಶಗಳು ಎಲ್ಲವನ್ನೂ ವರದಿಯ ಜೊತೆಗಿಟ್ಟು ತೂಗಬೇಕು. ಸಾಬೀತುಪಡಿಸುವ ಹೊಣೆ ಕೌನ್ಸಿಲ್‌ನದು. ‘ಕಾರಣ ತಿಳಿಯದು’ ಎಂಬುದೂ ಕೋರ್ಟು ಒಪ್ಪಬಹುದಾದ ಉತ್ತರವೇ, ಆದ್ದರಿಂದ ತೋಚಿದ ಕಾರಣವನ್ನೆಲ್ಲ ಕಟ್ಟಿ ಹೇಳಬೇಡಿ. ಆಸ್ಪತ್ರೆಯಲ್ಲಿ ಒಂದು, ಪೊಲೀಸರಿಗೆ ಇನ್ನೊಂದು ಹೇಳಿದರೆ ಖಚಿತವಲ್ಲದ ವರದಿಗೂ ನಿಮ್ಮ ವಿರುದ್ಧ ಬಲ ಬರುತ್ತದೆ. ಇಂಗ್ಲಿಷು ತಡವರಿಸಿದರೆ ಮೊದಲ ದಿನವೇ ಕನ್ನಡ ದುಭಾಷಿಯನ್ನು ಕೇಳಿ.

ಬಾಣಂತನಕ್ಕೆಂದು ಇಲ್ಲಿಗೆ ಬರುವ ಅಜ್ಜಿಯಂದಿರಿಗೂ ಇದು ಅನ್ವಯಿಸುತ್ತದೆ. ಪೆಟ್ಟಾದ ಕಾಲಾವಧಿಯಲ್ಲಿ ಮಗುವಿಗೆ ಎಣ್ಣೆ ಹಚ್ಚಿ ನೀರೆರೆದವರೂ ‘ಮಾಡಿರಬಹುದಾದವರ’ ಪಟ್ಟಿಗೆ ಸೇರಬಹುದು. ಹಾಗಾದರೆ ಪ್ರಕರಣದಲ್ಲಿ ತಮ್ಮನ್ನೂ ಸೇರಿಸಿಕೊಳ್ಳಿ ಎಂದು ಅವರು ಕೋರ್ಟನ್ನು ಕೇಳಬಹುದು. ಸೇರಿಸಿಕೊಂಡರೆ ತಮ್ಮದೇ ವಕೀಲರ ಮೂಲಕ ತಜ್ಞರನ್ನು ಪಾಟೀಸವಾಲಿಗೆ ಒಳಪಡಿಸಬಹುದು.