ಸುದ್ದಿಯ ಹೊತ್ತಿಗೆ ನಡಿಗೆ

ಫೆಬ್ರುವರಿ 12, 2025, ಬುಧವಾರ

ಇವತ್ತೂ ರಾತ್ರಿ ಸುದ್ದಿ ನೋಡಲಿಲ್ಲ. ಹಾಗಂತ ಏನಾಗ್ತಿದೆ ಅನ್ನೋದು ಗೊತ್ತಿಲ್ಲ ಅಂತಲ್ಲ. ಬೆಳಿಗ್ಗೆ ಒಂದು ಸಲ ಓದಿ ಫೋನು ಪಕ್ಕಕ್ಕಿಟ್ಟೆ, ಅಷ್ಟೇ. ಮೊದಲೆಲ್ಲ ಯಾವ ಆದೇಶ ಬಂತು, ಯಾರನ್ನು ಹಿಡಿದುಕೊಂಡು ಹೋದರು ಅಂತ ಮಧ್ಯರಾತ್ರಿವರೆಗೂ ನೋಡ್ತಾ ಇರುತ್ತಿದ್ದೆ. ನಿದ್ದೆಯಲ್ಲೂ ಹಲ್ಲು ಕಚ್ಚಿಕೊಂಡೇ ಇರುತ್ತಿದ್ದೆನೇನೋ, ಬೆಳಿಗ್ಗೆ ಎದ್ದರೆ ಕಿವಿಯ ಕೆಳಗೆ ದವಡೆ ನೋಯುತ್ತಿತ್ತು. ಬಾಯಿ ಪೂರ್ತಿ ತೆರೆಯೋಕೂ ಆಗ್ತಿರಲಿಲ್ಲ.

‘ಸುದ್ದಿ ನೋಡಬೇಡ, ಧ್ಯಾನ ಮಾಡು’ ಅಂತ ಹೇಳಿದವರು ಬೇಕಾದಷ್ಟು ಜನ. ಒಳ್ಳೆ ಮನಸ್ಸಿನಿಂದಲೇ ಹೇಳ್ತಾರೆ. ಆದರೆ ನನಗೆ ಸಿಟ್ಟು ಬರುತ್ತೆ. ಹೊರಗೆ ಕಾರಣ ಇದ್ದೇ ಹುಟ್ಟಿದ ಭಯ ಇದು. ಕಣ್ಣು ಮುಚ್ಚಿ ಕೂತರೆ ನನ್ನ ಉಸಿರು ಸರಿಹೋಗಬಹುದು, ಒಂಟಿತನ ಹೋಗುತ್ತಾ?

ಪೋಲೆಂಡಿನ ಸ್ವಿದ್ನಿಕ್ ಅನ್ನೋ ಸಣ್ಣ ಊರಿನ ಕತೆ ಮೊನ್ನೆಯಿಂದ ತಲೆಯಲ್ಲಿ ಕೂತಿದೆ. 1981ರ ಡಿಸೆಂಬರ್ 13ಕ್ಕೆ ಅಲ್ಲಿನ ಕಮ್ಯುನಿಸ್ಟ್ ಸರ್ಕಾರ ಇಡೀ ದೇಶದ ಮೇಲೆ ಸೇನಾಡಳಿತ ಹೇರಿತು. ಸುಮಾರು 1 ಕೋಟಿ ಜನ ಸೇರಿದ್ದ ಸಾಲಿಡಾರಿಟಿ ಅನ್ನೋ ಕಾರ್ಮಿಕ ಸಂಘಟನೆಯ ಬಾಯಿ ಮುಚ್ಚಿಸಿದರು, ಮುಖಂಡರನ್ನು ಒಳಗೆ ಹಾಕಿದರು. ಟಿವಿಯಲ್ಲಿ ಸುದ್ದಿ ಓದುವವರೂ ಮಿಲಿಟರಿ ಸಮವಸ್ತ್ರ ಹಾಕಿಕೊಂಡು ಕೂತರು. ಸಭೆ ಸೇರೋ ಹಾಗಿಲ್ಲ, ಘೋಷಣೆ ಕೂಗೋ ಹಾಗಿಲ್ಲ. ಆಗ ಸ್ವಿದ್ನಿಕ್ ಜನ ಏನು ಮಾಡಿದರು ಗೊತ್ತಾ? 1982ರ ಫೆಬ್ರುವರಿ 5ರಿಂದ, ಸರಿಯಾಗಿ ಸಂಜೆ ಏಳೂವರೆಯ ಸರ್ಕಾರಿ ಟಿವಿ ಸುದ್ದಿ ಶುರುವಾಗೋ ಹೊತ್ತಿಗೆ, ಮನೆಯಿಂದ ಹೊರಬಿದ್ದು ಬೀದಿಯಲ್ಲಿ ಸುಮ್ನೆ ವಾಕಿಂಗ್ ಮಾಡಿದರು. ಕೆಲವರು ಟಿವಿಯನ್ನೇ ಕಿಟಕಿಗೆ ತಂದು, ಪರದೆ ಹೊರಗೆ ಕಾಣೋ ಹಾಗೆ ಇಟ್ಟರು. ನಿನ್ನ ಸುದ್ದಿ ನೀನೇ ನೋಡಿಕೋ ಅನ್ನೋ ಹಾಗೆ!

ವಾಕಿಂಗ್ ಮಾಡಿದ್ದಕ್ಕೆ ಏನಂತ ಕೇಸು ಹಾಕ್ತೀರಿ? ಸರ್ಕಾರ ಆ ಸುದ್ದಿಗಿಂತ ಮುಂಚೆಯೇ ಕರ್ಫ್ಯೂ ಶುರುವಾಗೋ ಹಾಗೆ ಮಾಡಿತು. ಜನ ಸಂಜೆ ಐದರ ಸುದ್ದಿಗೆ ಹೊರಟರು.

ಇದರಿಂದ ಸರ್ಕಾರ ಬೀಳಲಿಲ್ಲ. ಸಾಲಿಡಾರಿಟಿ ಮತ್ತೆ ಕಾನೂನುಬದ್ಧ ಆಗೋಕೆ 1989ರ ಏಪ್ರಿಲ್ ಬರಬೇಕಾಯಿತು. ಆದರೂ ಆ ಸಂಜೆಗಳಲ್ಲಿ ಒಬ್ಬೊಬ್ಬರಿಗೂ ಏನು ಸಿಕ್ಕಿರಬಹುದು ಅಂತ ಯೋಚಿಸ್ತೀನಿ. ಎದುರು ಮನೆಯ ಬಾಗಿಲೂ ಅದೇ ಹೊತ್ತಿಗೆ ತೆರೆದುಕೊಂಡಿತಲ್ಲ! ಅವರೂ ನಮ್ಮವರೇ ಅಂತ ಗೊತ್ತಾಗೋಕೆ ಒಂದು ಮಾತೂ ಬೇಕಾಗಲಿಲ್ಲ.

ಜೊತೆಗೆ ನಿಂತರೆ ಅಪಾಯವೇ ಇಲ್ಲ ಅಂತ ಹೇಳೋದು ಸುಳ್ಳು. ಅರ್ಜೆಂಟೀನಾದಲ್ಲಿ ಮಿಲಿಟರಿ ಆಡಳಿತ ಹಿಡಿದುಕೊಂಡು ಹೋಗಿ ಕಾಣೆಯಾದ ಮಕ್ಕಳನ್ನು ಕೇಳಿಕೊಂಡು 1977ರ ಏಪ್ರಿಲ್ 30ರಂದು 14 ತಾಯಂದಿರು ಪ್ಲಾಸಾ ದೆ ಮಾಯೋ ಚೌಕಕ್ಕೆ ಬಂದರು. ಗುಂಪಾಗಿ ನಿಲ್ಲಬೇಡಿ, ನಡೀರಿ ಅಂತ ಪೊಲೀಸರು ಗದರಿಸಿದರೆ, ನಡೆಯೋದನ್ನೇ ಪ್ರತಿಭಟನೆ ಮಾಡಿಕೊಂಡರು. ಅವರನ್ನು ಒಟ್ಟುಗೂಡಿಸಿದ ಅಸುಸೆನಾ ವಿಯಾಫ್ಲೋರ್ ಅವರನ್ನು ಅದೇ ಡಿಸೆಂಬರಿನಲ್ಲಿ ಎತ್ತಿಕೊಂಡು ಹೋಗಿ ಕೊಂದರು. ಆದರೂ ಉಳಿದವರು ಪ್ರತಿ ಗುರುವಾರ ಚೌಕಕ್ಕೆ ಬರೋದನ್ನು ಬಿಡಲಿಲ್ಲ. ಅಷ್ಟು ಧೈರ್ಯ ನನಗಿಲ್ಲ. ಎಲ್ಲರಿಗೂ ಇರಬೇಕು ಅಂತಲೂ ನಾನು ಕೇಳೋದಿಲ್ಲ.

ನಮ್ಮದು ಅದರ ಮುಂದೆ ಏನೇನೂ ಅಲ್ಲ. ರಾತ್ರಿ ಸುದ್ದಿ ಹೊತ್ತಿಗೆ ನಾವು ನಾಲ್ಕೈದು ಜನ ಒಟ್ಟಿಗೆ ನಡೀತೀವಿ. ಕೆಳಗಿನ ಮನೆಯ ಆಂಟಿ ದಿನಾ ಕೇಳೋದು ಒಂದೇ: ‘ಏನಮ್ಮಾ, ನಿದ್ದೆ ಮಾಡಿದ್ಯಾ?’ ಇಲ್ಲ ಅಂದರೆ ಉಪದೇಶ ಇಲ್ಲ, ‘ನನಗೂ ಬರಲಿಲ್ಲ ಕಣೇ’ ಅಂತಾರೆ. ನಮ್ಮೆಲ್ಲರ ಓಟು ಒಂದೇ ಕಡೆ ಬಿದ್ದಿಲ್ಲ ಅನ್ನೋದೂ ಗೊತ್ತು. ನಿನ್ನೆ ಅದೇ ವಿಷಯಕ್ಕೆ ಜೋರು ಜಗಳ ಆಯಿತು. ಇವತ್ತು ಜಗಳ ಆಡಿದ ಇಬ್ಬರೂ ಬಂದಿದ್ದರು, ಮುಖ ಊದಿಸಿಕೊಂಡೇ.

ಮೆರವಣಿಗೆಯಲ್ಲಿ ಸಿಕ್ಕಿಬಿದ್ದ ಹುಡುಗರ ವಕೀಲರ ಖರ್ಚಿಗೆ ಹಣ ಕೂಡಿಸೋಣ ಅಂತ ಆಂಟಿಯೇ ಇವತ್ತು ಮಾತು ತೆಗೆದರು. ಆ ಇಬ್ಬರೂ ಒಪ್ಪಿದರು. ಲೆಕ್ಕ ಬರೆಯೋ ಕೆಲಸ ನನ್ನ ತಲೆಗೆ ಬಿದ್ದಿದೆ. ನಾಳೆ ಒಂದು ನೋಟ್‌ಬುಕ್ ತರಬೇಕು, ಯಾರು ಕೊಟ್ಟರು ಅಂತ ಹೆಸರು ಬರೀಬೇಕಾ ಬೇಡವಾ ಅಂತಲೂ ಎಲ್ಲರನ್ನೂ ಕೇಳಬೇಕು.