ಪುಟ್ಟ ಹಾಯಿದೋಣಿಗೆ ಯಾವ ಶೂ? ನೀರಿಗೆ ಇಳಿದು ನೋಡಿ ಆರಿಸಿ

ಕೊಡಗಿನಲ್ಲಿ ನೀರಿನ ಆಟ ಅಂದರೆ ಜನರಿಗೆ ಮೊದಲು ನೆನಪಾಗುವುದು ದುಬಾರೆ, ಇಲ್ಲವಾದರೆ ದಕ್ಷಿಣ ಕೊಡಗಿನ ಬರಪೊಳೆಯ ರಾಫ್ಟಿಂಗ್. ಮಳೆಗಾಲದಲ್ಲಿ ನನ್ನ ಕೆಲಸವೂ ಅದೇ. ಮಳೆ ನಿಂತು ಹೊಳೆ ಇಳಿದ ಮೇಲೆ ಹಿನ್ನೀರಿನಲ್ಲಿ ಪುಟ್ಟ ಹಾಯಿದೋಣಿ ನಡೆಸುವುದನ್ನು ಕಲಿಸುತ್ತೇನೆ, ಡಿಂಗಿ ಅಂತಾರಲ್ಲ, ಅದು. ಬರುವವರು ಮುಂಚಿನ ದಿನ ಫೋನ್ ಮಾಡಿ ಲೈಫ್ ಜಾಕೆಟ್ ಇದೆಯಾ, ಊಟ ಇದೆಯಾ, ಬಟ್ಟೆ ಬದಲಿಸೋಕೆ ಜಾಗ ಇದೆಯಾ ಅಂತ ಎಲ್ಲ ಕೇಳುತ್ತಾರೆ. ಕಾಲಿಗೆ ಏನು ಹಾಕಬೇಕು ಅಂತ ಕೇಳುವವರು ಕಡಿಮೆ. ಆದರೆ ದಡದಲ್ಲಿ ಜಾಸ್ತಿ ಹೊತ್ತು ಹೋಗುವುದು ಆ ವಿಷಯಕ್ಕೇ.

ದೋಣಿ ಎಷ್ಟು ಚಿಕ್ಕದು ಅನ್ನುವುದು ಮೊದಲು ತಲೆಯಲ್ಲಿ ಇರಬೇಕು. ಮಕ್ಕಳು ಕಲಿಯುವ ಆಪ್ಟಿಮಿಸ್ಟ್ ದೋಣಿಯ ಉದ್ದ 2.36 ಮೀಟರ್, ಒಡಲಿನ ತೂಕ 35 ಕೆಜಿ. ದೊಡ್ಡವರು ಒಬ್ಬರೇ ನಡೆಸುವ ಲೇಸರ್ ಕೂಡ 4.2 ಮೀಟರ್ ಅಷ್ಟೇ. ಇಂಥದ್ದರಲ್ಲಿ ಒದ್ದೆಯಾಗದೆ ಇರೋಕೆ ಆಗಲ್ಲ. ಗಾಳಿ ಜೋರಾದರೆ ದೋಣಿ ಮಗುಚುತ್ತದೆ, ನೀವು ನೀರಿಗೆ ಬೀಳುತ್ತೀರಿ, ದೋಣಿಯನ್ನು ನೆಟ್ಟಗೆ ಮಾಡಿ ಮತ್ತೆ ಹತ್ತುತ್ತೀರಿ. ಅದೂ ಆಟದ ಭಾಗವೇ. ಹಾಗಾಗಿ ಒಣಗಿದ ದೋಣಿಯ ಮೇಲೆ ನಿಂತಾಗ ಜಾರುತ್ತಾ ಇಲ್ವಾ ಅಂತ ನೋಡಿ ಶೂ ಆರಿಸಿದರೆ ಸಾಲದು. ನೀರಲ್ಲಿ ಬಿದ್ದು, ಈಜಿ, ಅಂಚು ಹಿಡಿದು ಮೇಲೆ ಹತ್ತುವಾಗ ಆ ಶೂ ಏನು ಮಾಡುತ್ತದೆ ಅಂತ ನೋಡಬೇಕು.

ಗಂಬೂಟಿನ ಕಥೆ ಹೇಳುತ್ತೇನೆ. ನಮ್ಮ ಕಡೆ ಗಂಬೂಟ್ ಇಲ್ಲದ ತೋಟದ ಮನೆ ಇಲ್ಲ. ಒಮ್ಮೆ ಕಾಫಿ ತೋಟದ ಯಜಮಾನರೊಬ್ಬರು ಮಗಳ ಜೊತೆ ಕಲಿಯೋಕೆ ಬಂದಿದ್ದರು, ಕಾಲಲ್ಲಿ ಮೊಣಕಾಲಿನವರೆಗಿನ ಕಪ್ಪು ಗಂಬೂಟ್. "ಜಿಗಣೆ ಹತ್ತಲ್ಲ, ಕೆಸರಲ್ಲಿ ಜಾರಲ್ಲ, ಇದಕ್ಕಿಂತ ಒಳ್ಳೇದು ಏನಿದೆ ಹೇಳಿ" ಅಂದರು. ತೋಟದ ಮಟ್ಟಿಗೆ ಅವರು ಹೇಳಿದ್ದು ನಿಜ. "ಅಂಕಲ್, ಇಲ್ಲೇ ಸೊಂಟದ ಮಟ್ಟದ ನೀರಿಗೆ ಇಳಿದು ಒಂದ್ಸಲ ದೋಣಿ ಹತ್ತಿ ನೋಡಿ, ಆಮೇಲೆ ಮಾತಾಡೋಣ" ಅಂದೆ. ಇಳಿದರು. ಬೂಟಿನೊಳಗೆ ಗುಳುಗುಳು ಅಂತ ನೀರು ತುಂಬಿತು. ದೋಣಿಯ ಅಂಚು ಹಿಡಿದು ಬಲಗಾಲು ಎತ್ತೋಕೆ ಹೋದರು, ಮೊಣಕಾಲು ನೀರಿನಿಂದ ಮೇಲೆ ಬಂದದ್ದೇ ತಡ, ಕಾಲು ಅಲ್ಲೇ ನಿಂತಿತು. ಇನ್ನೊಂದು ಕಾಲು ಪ್ರಯತ್ನಿಸಿದರು, ಅದೂ ಅಷ್ಟೇ. ತೋಟದಲ್ಲಿ ಮೂಟೆ ಎತ್ತಿದ ಗಟ್ಟಿ ಆಳು, ಶಕ್ತಿ ಕಡಿಮೆ ಅಂತ ಅಲ್ಲ. ಬೂಟ್ ಕಳಚೋಕೂ ಇಬ್ಬರು ಬೇಕಾಯಿತು, ಒಳಗಿನ ನೀರು ಹೀರಿ ಹಿಡಿದುಕೊಂಡಿತ್ತು. ಬರಿಗಾಲಾದ ಮೇಲೆ ಒಂದೇ ನೆಗೆತಕ್ಕೆ ದೋಣಿಯಲ್ಲಿದ್ದರು.

ಇದರ ಹಿಂದಿನ ಲೆಕ್ಕ ಸುಲಭ. ಬೂಟಲ್ಲಿ ನೀರು ತುಂಬಿದರೆ ಅದು ನಮ್ಮನ್ನು ತಳಕ್ಕೆ ಎಳೆಯುತ್ತದೆ ಅಂತ ಸುಮಾರು ಜನ ನಂಬಿದ್ದಾರೆ, ಅದು ಸರಿಯಲ್ಲ. ನೀರಿನೊಳಗೆ ನೀರಿಗೆ ಭಾರ ಇಲ್ಲ. ಕಾಲು ನೀರಿನಿಂದ ಹೊರಗೆ ಬಂದಾಗಲೇ ಅದು ಭಾರ. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ, ಬೂಟೊಂದರಲ್ಲಿ ಎಷ್ಟು ಲೀಟರ್ ಹಿಡಿಯುತ್ತದೋ ಅಷ್ಟು ಕೆಜಿ ಕಾಲಿಗೆ ಕಟ್ಟಿಕೊಂಡು ಹತ್ತಿದ ಹಾಗೆ. ಜೊತೆಗೆ ಕಾಲು ಬಡಿದು ಈಜೋಕೂ ಆಗಲ್ಲ. ದಡದ ಹತ್ತಿರ ಇದು ಸುಮ್ನೆ ಕಷ್ಟ, ಅಷ್ಟೇ. ಗಾಳಿ ಎದ್ದ ಹಿನ್ನೀರಿನ ನಡುವೆ, ಸುಸ್ತಾಗಿ, ಮೂರನೇ ಸಲ ಮಗುಚಿಕೊಂಡ ಮೇಲೆ ಇದು ನಿಜವಾದ ಅಪಾಯ.

ಇನ್ನು ಚಪ್ಪಲಿ. ಹವಾಯಿ ಚಪ್ಪಲಿ, ಕ್ರಾಕ್ಸ್ ನೀರಿಗೆ ಬಿದ್ದ ತಕ್ಷಣ ಕಾಲು ಬಿಟ್ಟು ತೇಲಿ ಹೋಗುತ್ತವೆ, ಅದನ್ನು ಹಿಡಿಯೋಕೆ ಅಂತ ದೋಣಿ ಬಿಟ್ಟು ಈಜಿದವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಚಪ್ಪಲಿ ಹೋದರೆ ಹೋಗಲಿ, ದೋಣಿ ಬಿಡಬೇಡಿ. ಪಟ್ಟಿ ಇರುವ ಸ್ಯಾಂಡಲ್ ಕಾಲಲ್ಲೇನೋ ನಿಲ್ಲುತ್ತದೆ. ಆದರೆ ಡಿಂಗಿಯ ನೆಲದಲ್ಲಿ ಉದ್ದಕ್ಕೆ ಒಂದು ಕಾಲುಪಟ್ಟಿ ಇರುತ್ತದೆ. ಗಾಳಿ ದೋಣಿಯನ್ನು ವಾಲಿಸಿದಾಗ ಪಾದವನ್ನು ಅದರ ಕೆಳಗೆ ಸಿಕ್ಕಿಸಿ, ಮೈಯನ್ನು ಹೊರಗೆ ಚಾಚಿ ಸಮತೋಲ ಮಾಡಬೇಕು. ಮಗುಚುವಾಗ ಆ ಪಾದ ಸಲೀಸಾಗಿ ಈಚೆ ಬರಬೇಕು. ಸ್ಯಾಂಡಲಿನ ಬಕಲ್ಲೋ ಪಟ್ಟಿಯ ತುದಿಯೋ ಅಲ್ಲಿ ಕೊಕ್ಕೆ ಹಾಕಿಕೊಂಡರೆ? ನಾನು ಬಿಡುವುದಿಲ್ಲ, ಎಷ್ಟು ದುಬಾರಿಯ ಸ್ಯಾಂಡಲ್ ಆದರೂ ಸರಿ.

ಬರಿಗಾಲು ಹಿಡಿತಕ್ಕೆ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ದೋಣಿಯೊಳಗೆ ಹಗ್ಗ ಕಚ್ಚಿಸುವ ಕ್ಲೀಟು, ರಾಟೆ, ನಡುವೆ ನಿಂತ ಹಲಗೆಯ ಪೆಟ್ಟಿಗೆ, ಎಲ್ಲವೂ ಬೆರಳಿಗೆ ತಾಗುವ ಎತ್ತರದಲ್ಲೇ ಇರುತ್ತವೆ. ಹಿನ್ನೀರು ಇಳಿದಾಗ ದಡದಲ್ಲಿ ಚೂಪು ಕಲ್ಲು, ಹಳೇ ಮರದ ಬುಡ, ಒಡೆದ ಬಾಟಲಿ. ಅದಕ್ಕೇ ನಮ್ಮಲ್ಲಿ ಬರಿಗಾಲು ಬೇಡ.

ತಡಿಯಂಡಮೋಳ್ ಹತ್ತಿ ಮರುದಿನ ನಮ್ಮಲ್ಲಿಗೆ ಬರುವವರು ಟ್ರೆಕ್ಕಿಂಗ್ ಶೂನಲ್ಲೇ ಬರುತ್ತಾರೆ. ಬೆಟ್ಟದಲ್ಲಿ ಅಷ್ಟು ಚೆನ್ನಾಗಿ ಹಿಡಿದ ಶೂ ಇಲ್ಲಿ ಯಾಕೆ ಜಾರುತ್ತದೆ ಅಂತ ಅವರಿಗೆ ಆಶ್ಚರ್ಯ. ದಪ್ಪ ಹಲ್ಲಿನ ಅಡಿ ಮಣ್ಣಿಗೆ ನಾಟಿ ಹಿಡಿಯುತ್ತದೆ. ನುಣುಪಾದ ಒದ್ದೆ ಫೈಬರಿನ ಮೇಲೆ ನಾಟೋಕೆ ಏನೂ ಇಲ್ಲ, ಹಲ್ಲುಗಳ ತುದಿ ಮಾತ್ರ ತಾಗುತ್ತದೆ. ಇಲ್ಲಿಗೆ ಬೇಕಾದ್ದು ಚಪ್ಪಟೆ, ಮೆತ್ತನೆ ರಬ್ಬರ್, ಅದರಲ್ಲಿ ಬ್ಲೇಡಿನಿಂದ ಗೀರಿದಂಥ ಸಣ್ಣ ಸೀಳುಗಳು. 1935ರಲ್ಲಿ ಅಮೆರಿಕದ ಪಾಲ್ ಸ್ಪೆರ್ರಿ ಮಾಡಿದ ಡೆಕ್ ಶೂ ಇದೇ ಉಪಾಯದ್ದು. ತನ್ನ ನಾಯಿ ಮಂಜುಗಡ್ಡೆಯ ಮೇಲೆ ಜಾರದೆ ಓಡುವುದನ್ನು ನೋಡಿ, ಅದರ ಅಂಗಾಲಿನ ಗೆರೆಗಳ ಹಾಗೆ ರಬ್ಬರಿಗೆ ಚಾಕುವಿನಲ್ಲಿ ಗೀರಿದ ಅಂತ ಹೇಳುತ್ತಾರೆ. ಕಾಲು ಊರಿದಾಗ ಆ ಸೀಳುಗಳು ಬಾಯಿ ಬಿಟ್ಟು ನೀರನ್ನು ಪಕ್ಕಕ್ಕೆ ಸರಿಸುತ್ತವೆ, ರಬ್ಬರ್ ನೇರ ನೆಲಕ್ಕೆ ಕೂರುತ್ತದೆ. ಆದರೆ ಅಂಗಡಿಯಲ್ಲಿ ಸಿಗುವ ಚರ್ಮದ ಡೆಕ್ ಶೂ ದೊಡ್ಡ ದೋಣಿಗೆ ಸರಿ. ಡಿಂಗಿಯಲ್ಲಿ ಅದು ನೆನೆದು ಭಾರವಾಗುತ್ತದೆ, ನಮ್ಮ ಹವೆಯಲ್ಲಿ ಒಣಗುವಷ್ಟರಲ್ಲಿ ಬೂಷ್ಟು ಹಿಡಿಯುತ್ತದೆ.

ದಿನಾ ನೀರಲ್ಲಿರುವವರು ನಿಯೋಪ್ರೀನ್ ಅನ್ನುವ ಒಂಥರಾ ರಬ್ಬರಿನ ಬೂಟ್ ತೆಗೆದುಕೊಳ್ಳಿ. ಮೆತ್ತಗೆ, ಹಿಗ್ಗುವ, ಗಿಣ್ಣಿನ ಮೇಲಿನವರೆಗೆ ಬರುವ ಬೂಟ್. ಇದು ನೀರನ್ನು ಪೂರ್ತಿ ತಡೆಯಲ್ಲ, ಒಳಗೆ ತೆಳ್ಳಗೆ ಒಂದು ಪದರ ನೀರು ಸೇರಿ ಮೈಶಾಖಕ್ಕೆ ಬೆಚ್ಚಗಾಗುತ್ತದೆ. 3 ಮಿಲಿಮೀಟರ್, 5 ಮಿಲಿಮೀಟರ್ ಅಂತ ದಪ್ಪ ಬರುತ್ತದೆ. ಡಿಸೆಂಬರ್ ಬೆಳಗ್ಗೆ ಮಂಜು ಬಿದ್ದಿರುವಾಗಲೂ ನಮಗೆ 3 ಸಾಕು. ಕೊಳ್ಳುವಾಗ ಬಿಗಿಯಾಗೇ ಇರಲಿ, ನೆನೆದ ಮೇಲೆ ಸ್ವಲ್ಪ ಸಡಿಲವಾಗುತ್ತದೆ. ಸಡಿಲ ಬೂಟನ್ನು ದಡದ ಕೆಸರು ಕಾಲಿಂದ ಕಿತ್ತುಕೊಳ್ಳುತ್ತದೆ. ಪಾದದ ಮೇಲ್ಭಾಗವನ್ನು ಬೆರಳಿನಿಂದ ಒತ್ತಿ ನೋಡಿ, ಕಾಲುಪಟ್ಟಿ ಕೂರುವುದು ಅಲ್ಲೇ. ಅಲ್ಲಿ ಗಟ್ಟಿ ಹೊಲಿಗೆಯೋ ಲೇಸಿನ ಗಂಟೋ ಇದ್ದರೆ ಅರ್ಧ ಗಂಟೆಯಲ್ಲಿ ಚರ್ಮ ಕೆಂಪಾಗುತ್ತದೆ. ರೇಸಿಗೆ ಹೋಗುವ ಮಕ್ಕಳು ತೂಕದ ಬಗ್ಗೆ ಕೇಳುತ್ತಾರೆ. ಹಾಕಿಕೊಂಡ ಬಟ್ಟೆ, ಸಾಮಾನು 8 ಕೆಜಿ ಮೀರಬಾರದು ಅನ್ನುವ ನಿಯಮದಲ್ಲಿ ಮೊಣಕಾಲಿನ ಕೆಳಗೆ ಮಾತ್ರ ಇರುವ ಪಾದರಕ್ಷೆ ಲೆಕ್ಕಕ್ಕೆ ಬರುವುದಿಲ್ಲ.

ವರ್ಷಕ್ಕೆ ಒಂದೆರಡು ಸಲ ಬರುವವರು ಅಷ್ಟು ಖರ್ಚು ಮಾಡಬೇಕಾಗಿಲ್ಲ. ಪಿ.ಟಿ. ಪೀರಿಯಡ್ಡಿನ ಕ್ಯಾನ್ವಾಸ್ ಶೂ ಸಾಕು. ಅಡಿ ಬಿಳಿಯದ್ದು ಅಥವಾ ತಿಳಿ ಬಣ್ಣದ್ದು ಇರಲಿ, ಕೆಲವು ಕಪ್ಪು ಅಡಿಗಳು ಫೈಬರಿನ ಮೇಲೆ ಗೆರೆ ಬಿಡುತ್ತವೆ. ಅನುಮಾನ ಇದ್ದರೆ ಅಂಗಡಿಯ ಬಿಳಿ ಟೈಲ್ಸ್ ಮೇಲೆ ಒಮ್ಮೆ ಉಜ್ಜಿ ನೋಡಿ. ಅಡಿ ಬರೀ ಗೋಂದಿನಲ್ಲಿ ಅಂಟಿದ್ದರೆ ಸುತ್ತ ಹೊಲಿಗೆ ಹಾಕಿಸಿ. ಪಕ್ಕದಲ್ಲಿ, ಅಡಿಗೆ ತಾಗಿದ ಹಾಗೆ, ದಬ್ಬಳದಿಂದ ಎರಡು ಮೂರು ತೂತು ಮಾಡಿದರೆ ದೋಣಿ ಹತ್ತುವಾಗಲೇ ನೀರು ಸೋರಿ ಹೋಗುತ್ತದೆ. ಲೇಸ್ ಕಟ್ಟಿ ಉಳಿದ ತುದಿಯನ್ನು ಶೂ ಒಳಗೆ ತುರುಕಿ, ಹೊರಗೆ ಜೋತಾಡುತ್ತಿದ್ದರೆ ಹಾಯಿಯ ಹಗ್ಗ ಅದಕ್ಕೇ ಸುತ್ತಿಕೊಳ್ಳುತ್ತದೆ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. "ಬೆಳೆಯೋ ಕಾಲು ಸಾರ್, ಎರಡು ಸೈಜ್ ದೊಡ್ಡದು ತಗೊಂಡಿದ್ದೀವಿ" ಅಂತ ಹೇಳುತ್ತೀರಿ. ಸ್ಕೂಲ್ ಶೂಗೆ ಅದು ನಡೆಯುತ್ತದೆ. ಇಲ್ಲಿ ದೊಡ್ಡ ಶೂನ ಮೂತಿ ಕಾಲುಪಟ್ಟಿಯ ಕೆಳಗೆ ಮಡಚಿಕೊಂಡು ಸಿಕ್ಕಿಕೊಳ್ಳುತ್ತದೆ, ಮಗು ಹೆದರುತ್ತದೆ, ಹೆದರಿದ ಮಗು ಮಾರನೇ ದಿನ ದೋಣಿ ಹತ್ತಲ್ಲ. ಅಳತೆಗೆ ಸರಿಯಾದದ್ದೇ ತನ್ನಿ, ಅಗ್ಗದ್ದಾದರೂ ಪರವಾಗಿಲ್ಲ.

ಮನೆಗೆ ಹೋದ ಮೇಲೆ ಒಳ್ಳೆ ನೀರಲ್ಲಿ ಜಾಲಾಡಿಸಿ. ಕ್ಯಾನ್ವಾಸ್ ಆದರೆ ಹಳೇ ಪೇಪರ್ ತುರುಕಿ, ಒಂದೆರಡು ಗಂಟೆಗೆ ಪೇಪರ್ ಬದಲಿಸಿ. ನಿಯೋಪ್ರೀನ್ ಆದರೆ ತಲೆಕೆಳಗು ಮಾಡಿ ನೆರಳಲ್ಲಿ ನೇತುಹಾಕಿ. ಬಚ್ಚಲ ಒಲೆಯ ಪಕ್ಕ ಇಡಬೇಡಿ, ಮಳೆಗಾಲದಲ್ಲಿ ಎಲ್ಲರೂ ಅದನ್ನೇ ಮಾಡುತ್ತಾರೆ, ಗೋಂದು ಬಿಟ್ಟು ಅಡಿ ಕಳಚಿ ಬರುತ್ತದೆ. ಏನೂ ಇಲ್ಲದೆ ಬರುವವರು ಹಿಂದಿನ ದಿನವೇ ಪಾದದ ಸೈಜ್ ಹೇಳಿಬಿಡಿ. ತೊಳೆದು ಒಣಗಿಸಿದ ಕ್ಯಾನ್ವಾಸ್ ಶೂಗಳನ್ನು ನಾನೇ ತಂದಿಟ್ಟಿರುತ್ತೇನೆ, ಕಾಲುಚೀಲ ಮಾತ್ರ ನಿಮ್ಮದೇ ಇರಲಿ, ಹತ್ತಿಯದ್ದು ಬೇಡ.