ಪೇಟಿ ಮಾಸ್ತರು ಒಂದು ಮನೆ ಕೆಳಗಿಳಿದಾಗ

ನಿನ್ನೆ ಸೋಮವಾರದ ಭಜನೆ ಮುಗಿಸಿ ಮನೆಗೆ ಬಂದಾಗ ರಾತ್ರಿ ಹನ್ನೊಂದೂವರೆ. ಕಿವಿಯಲ್ಲಿ ಇನ್ನೂ ತಾಳದ ಸದ್ದಿದೆ.

ಕಪ್ಪು ಎರಡರ ಶ್ರುತಿಯಲ್ಲಿ, ಅಂದರೆ ಪೇಟಿಯ (ಹಾರ್ಮೋನಿಯಂ) ಎರಡನೇ ಕಪ್ಪು ಮನೆಯಿಂದ, ಶುರು ಮಾಡಿದ್ದೆವು. ಎರಡನೇ ಪದಕ್ಕೆ ಹೊಸ ಹುಡುಗನೊಬ್ಬ ಮುಂದೆ ಕೂತ. ದನಿ ಅಷ್ಟು ಮೇಲಕ್ಕೆ ಏರಲಿಲ್ಲ. ಪೇಟಿ ಮಾಸ್ತರು ಏನೂ ಅನ್ನದೆ ಒಂದು ಮನೆ ಕೆಳಗಿಳಿದು ಶ್ರುತಿ ತಗ್ಗಿಸಿದರು. ಢೋಲಕಿ ಕಾಕಾ ಕೆಹರವಾ ತಾಳದ ಎಂಟು ಮಾತ್ರೆಗಳನ್ನು ಬರೀ ಬೆರಳ ತುದಿಯಲ್ಲಿ ನುಡಿಸಿದರು. ಹಿಂದಿನ ಸಾಲಿನವರು ಪಲ್ಲವಿಯನ್ನು ಎರಡು ಸಲ ಹೆಚ್ಚಿಗೆ ಹಾಡಿ ಅವನಿಗೆ ಉಸಿರು ಕೊಟ್ಟರು. ಮೂರನೇ ನುಡಿಗೆ ಹುಡುಗನ ದನಿ ಅರಳಿತು ನೋಡಿ, ನನಗೆ ಕಣ್ಣು ತುಂಬಿ ಬಂತು.

ನಾನು ಬಳ್ಳಾರಿಯ ಒಂದು ಜೀನ್ಸ್ ಘಟಕದಲ್ಲಿ ಸ್ಯಾಂಪಲ್ ನೋಡಿಕೊಳ್ಳುವವಳು. ಮಕ್ಕಳ ಪ್ಯಾಂಟಿನ ಹೊಸ ಮಾದರಿ ಎರಡು ಸಲ ಕೆಟ್ಟಿತ್ತು. ವಾಷಿಂಗ್ ಆದ ಮೇಲೆ ಜೇಬಿನ ಸುತ್ತ ಸುಕ್ಕು. ಕಟಿಂಗ್‌ನವರು ಹೊಲಿಗೆಯವರನ್ನು, ಹೊಲಿಗೆಯವರು ವಾಷಿಂಗ್‌ನವರನ್ನು ದೂರುತ್ತಿದ್ದರು. ಇವತ್ತು ನಿನ್ನೆಯ ಭಜನೆ ನೆನಪಾಗಿ ಎಲ್ಲರನ್ನೂ ಕಟಿಂಗ್ ಮೇಜಿನ ಸುತ್ತ ನಿಲ್ಲಿಸಿದೆ, ಮಾತು ಶುರು ಮಾಡಲು ವಾಷಿಂಗ್ ಹುಡುಗನಿಗೆ ಹೇಳಿದೆ. ಅವನನ್ನು ಇಷ್ಟು ದಿನ ಯಾರೂ ಕೇಳಿರಲೇ ಇಲ್ಲ, ನಾನೂ ಸಹ. "ಅಕ್ಕಾ, ಜೇಬಿನ ಒಳಬಟ್ಟೆ ಡೆನಿಮ್‌ಗಿಂತ ಜಾಸ್ತಿ ಕುಗ್ತದ್ರಿ. ಅದನ್ನ ಮೊದಲೇ ನೆನಸಿ ಒಣಗಿಸಿ ಆಮೇಲೆ ಕತ್ತರಿಸಿದ್ರ?" ಅಂದ. ಕಟಿಂಗ್ ಮಾಸ್ತರು ಆಗಲೇ ಬಟ್ಟೆ ಬಕೆಟ್ಟಿಗೆ ಹಾಕಿದರು.

ನಾಳೆ ಮೂರನೇ ಸ್ಯಾಂಪಲ್. ಬರುವ ಸೋಮವಾರ ಮೊದಲ ಪದ ಭಜನೆಯ ಆ ಹೊಸ ಹುಡುಗನಿಗೇ ಕೊಡಿ ಅಂತ ಪೇಟಿ ಮಾಸ್ತರಿಗೆ ಹೇಳಿಟ್ಟಿದ್ದೇನೆ.